ಸೋತವರ ಕನ್ನಡ

2023ರ ಆಗಸ್ಟ್ 4, ಶುಕ್ರವಾರ. ಅಮೆರಿಕದ ಪಶ್ಚಿಮ ಕರಾವಳಿಯ ಕಾಲೇಜು ಫುಟ್‌ಬಾಲ್ ಒಕ್ಕೂಟದಿಂದ ಐದು ವಿಶ್ವವಿದ್ಯಾಲಯಗಳು ಒಂದೇ ದಿನ ಹೊರಬಿದ್ದವು. ಮೂರು ವಿಶ್ವವಿದ್ಯಾಲಯಗಳು ಬಿಟ್ಟು ಹೋಗುವುದಾಗಿ ಅದಕ್ಕೂ ಮೊದಲೇ ತಿಳಿಸಿದ್ದವು. ನೂರು ವರ್ಷ ದಾಟಿದ್ದ ಒಕ್ಕೂಟದಲ್ಲಿ ನಾಲ್ಕು ಉಳಿದವು.

ಸುದ್ದಿ ಬಂದಾಗ ನಾನು ಲಂಡನ್ನಿನ ಒಂದು ಸುದ್ದಿಮನೆಯಲ್ಲಿ ಸಂಜೆ ಪಾಳಿಯಲ್ಲಿದ್ದೆ. ಬ್ರಿಟನ್ನಿನ ಓದುಗರಿಗೆ ಅದು ಒಂದು ಪ್ಯಾರಾದ ಸುದ್ದಿ. ಒಂದು ಪ್ಯಾರಾಕ್ಕೆ ಇಳಿಸಿ ಕಳುಹಿಸಿದೆ. ಉಳಿದ ನಾಲ್ಕರಲ್ಲಿ ಒಂದು ನನ್ನ ಗಂಡ ಓದಿದ ವಿಶ್ವವಿದ್ಯಾಲಯ. ಹೋದ ಐದರಲ್ಲಿ ಒಂದು ಅವರ ಗೆಳೆಯ ಓದಿದ್ದು. ಎರಡೂ ಒಂದೇ ರಾಜ್ಯದವು. ಒಂದು ಊರಿನಿಂದ ಇನ್ನೊಂದಕ್ಕೆ ಕಾರಿನಲ್ಲಿ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು.

ನನ್ನ ಗಂಡ ಧಾರವಾಡದಲ್ಲಿ ಕೃಷಿ ಓದಿ, ಗೋಧಿ ತಳಿಗಳ ಮೇಲೆ ಸಂಶೋಧನೆ ಮಾಡಲು ಅಲ್ಲಿಗೆ ಹೋದವರು. ಅದು ಕೃಷಿಯನ್ನೇ ನಂಬಿ ಬೆಳೆದ ವಿಶ್ವವಿದ್ಯಾಲಯ. ಮೊದಲ ಚಳಿಗಾಲದಲ್ಲಿ ಲ್ಯಾಬಿನ ಜೊತೆಗಾರನೊಬ್ಬ ಇವರ ತಲೆಗೆ ಕಿತ್ತಳೆ ಬಣ್ಣದ ಉಣ್ಣೆಯ ಟೋಪಿ ಹಾಕಿ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದನಂತೆ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ ಹಾಕಿದ ಹುಡುಗರು, ನಿಯಮ ಒಂದೂ ತಿಳಿಯದು. ಆದರೆ ಪಕ್ಕದಲ್ಲಿ ಕುಳಿತ ಅಪರಿಚಿತ ಮುದುಕಿಯೊಬ್ಬಳು ತನ್ನ ಕಂಬಳಿಯ ಅರ್ಧವನ್ನು ಇವರ ಕಾಲ ಮೇಲೆ ಹೊದಿಸಿದಳು. ಆ ದೇಶದಲ್ಲಿ ಯಾರಾದರೂ ತಮ್ಮನ್ನು ಕೇಳದೆಯೇ ಒಳಗೆ ಸೇರಿಸಿಕೊಂಡದ್ದು ಅದೇ ಮೊದಲು ಎಂದು ಅವರು ಹೇಳುತ್ತಿದ್ದರು. ನಂತರ ಕೆಲಸ ಅವರನ್ನು ಲಂಡನ್ನಿಗೆ ತಂದಿತು. ನಾವು ಹ್ಯಾರೋದಲ್ಲಿ ಮನೆ ಮಾಡಿದೆವು. ಟೋಪಿಯೂ ಬಂತು.

ಗೆಳೆಯ ಬೆಂಗಳೂರಿನವರು, ಲಂಡನ್ನಿನ ವಿಮಾನ ನಿಲ್ದಾಣದ ಹತ್ತಿರದ ಫೆಲ್ಥಮ್‌ನಲ್ಲಿರುತ್ತಾರೆ, ಅಲ್ಲಿನ ಸರಕು ಸಾಗಣೆ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಅವರು ಓದಿದ್ದು ಅದೇ ರಾಜ್ಯದ ಶ್ರೀಮಂತ ವಿಶ್ವವಿದ್ಯಾಲಯದಲ್ಲಿ. ಬಣ್ಣ ಹಸಿರು. ಕನ್ನಡ ಕೂಟದ ಒಂದು ಯುಗಾದಿ ಊಟದ ಸಾಲಿನಲ್ಲಿ ಇವರು ಕಿತ್ತಳೆ ಟೋಪಿಯಲ್ಲಿದ್ದರು, ಹಿಂದೆ ನಿಂತವರು ಹಸಿರು ಜಾಕೆಟ್ಟಿನಲ್ಲಿದ್ದರು.

"ಸಾರ್, ಆ ಟೋಪಿ ಹಾಕ್ಕೊಂಡು ಹೊರಗಡೆ ಓಡಾಡೋಕೆ ನಾಚ್ಕೆ ಆಗಲ್ವಾ?" ಎಂದು ಹಿಂದಿನವರು ಕೇಳಿದರು.

"ನಿಮ್ಮ ಜಾಕೆಟ್ ನೋಡಿದ್ ಮ್ಯಾಲೆ ನಾಚ್ಕಿ ಹೋತ್ ನೋಡ್ರಿ," ಎಂದು ಇವರು ತಿರುಗದೆಯೇ ಉತ್ತರಿಸಿದರು.

ಪಾಯಸ ಬರುವ ಹೊತ್ತಿಗೆ ಇಬ್ಬರೂ ಒಂದೇ ಮೇಜಿನಲ್ಲಿದ್ದರು. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು, "ಕಾನ್ಫರೆನ್ಸ್ ಕಾನ್ಫರೆನ್ಸ್ ಅಂತೀರಲ್ಲ, ಏನದು, ಸಾಹಿತ್ಯ ಸಮ್ಮೇಳನದ ಥರನಾ?" ಎಂದು ಕೇಳಿದರು.

ನನ್ನ ಗಂಡ ಬಾಳೆಲೆ ಮಡಚಿದರು. "ಸಮ್ಮೇಳನ ಅಲ್ರಿ. ಬೀಗರ ಬಳಗ ಅಂತ ತಿಳ್ಕೊಳ್ರಿ. ವರ್ಷಾ ಒಬ್ಬರ ಮನೀಗೆ ಒಬ್ಬರು ಹೋಗೂದು, ಉಣ್ಣೂದು, ಜಗಳಾಡೂದು, ಬರೂದು. ಮುಂದಿನ ವರ್ಷ ಮತ್ತ ಹೋಗೂದು."

ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಸುದ್ದಿಮನೆಯಲ್ಲೂ ಕೇಳಿಲ್ಲ.

ಆ ಎರಡು ತಂಡಗಳು ನೂರು ವರ್ಷಕ್ಕೂ ಹಿಂದಿನಿಂದ ಆಡುತ್ತ ಬಂದಿದ್ದವು. ನಮ್ಮ ಕಾಲದಲ್ಲಿ ಪಂದ್ಯ ನವೆಂಬರ್ ಕೊನೆಗೆ. ಲಂಡನ್ನಿನಲ್ಲಿ ಅದು ಹೊತ್ತಲ್ಲದ ಹೊತ್ತು, ಆದ್ದರಿಂದ ರೆಕಾರ್ಡ್ ಮಾಡಿಟ್ಟು ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ನೋಡುವುದು ರೂಢಿಯಾಯಿತು. ಅಲ್ಲಿಯವರೆಗೆ ಇಬ್ಬರೂ ಫೋನ್ ಮುಟ್ಟುತ್ತಿರಲಿಲ್ಲ. ಕೆಲಸದ ಕಾರಣಕ್ಕೆ ಫಲಿತಾಂಶ ನನಗೆ ಮಾತ್ರ ಗೊತ್ತಿರುತ್ತಿತ್ತು. ಉಪ್ಪಿಟ್ಟು ಬಡಿಸುವಾಗ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಪಂದ್ಯಕ್ಕೆ ಒಂದು ಷರತ್ತು ಇತ್ತು. ಸೋತ ಕಡೆಯವರು ಆ ಭಾನುವಾರ ಪೂರ್ತಿ ಗೆದ್ದವರ ಕನ್ನಡ ಮಾತಾಡಬೇಕು. ಈ ಷರತ್ತು ಇಟ್ಟದ್ದು ನನ್ನ ಗಂಡ ಎಂಬುದನ್ನು ಇಲ್ಲಿ ಹೇಳಬೇಕು. ಕನ್ನಡ ಕೂಟದ ನಾಟಕಗಳಲ್ಲಿ ನಮ್ಮ ಧಾರವಾಡ ಕಡೆಯ ಮಾತು ಬಂದರೆ ಅದು ಯಾವಾಗಲೂ ನಗಿಸುವ ಪಾತ್ರದ ಬಾಯಲ್ಲಿ. ಅಡುಗೆಯವನು, ಕುಡುಕ, ಪೆದ್ದ ಮಾವ. ಒಂದು ವರ್ಷ ಇವರು ಅಂಥ ನಾಟಕದ ನಡುವೆ ಎದ್ದು ಕಾರಿನಲ್ಲಿ ಹೋಗಿ ಕುಳಿತಿದ್ದರು. ನಮ್ಮ ಮಾತನ್ನು ಆಡುವ ಹಕ್ಕು ಸೋತು ಗಳಿಸಬೇಕು, ಬೇರೆ ದಿನ ಆಡುವ ಹಾಗಿಲ್ಲ ಎಂದು ಗೆಳೆಯನಿಗೆ ಹೇಳಿದರು. ಗೆಳೆಯ ಒಪ್ಪಿದರು.

2022ರ ನವೆಂಬರಿನ ಪಂದ್ಯದಲ್ಲಿ ಇವರ ತಂಡ ಬಹಳ ಹಿಂದೆ ಬಿದ್ದು, ಕೊನೆಯ ಭಾಗದಲ್ಲಿ ಎದ್ದು ಗೆದ್ದಿತು. ಗೆಳೆಯ ಸೋಫಾದಿಂದ ಎದ್ದರು, ಹಸಿರು ಜಾಕೆಟ್ ಬಿಚ್ಚಿ ಮಡಚಿಟ್ಟರು, ಗಂಟಲು ಸರಿಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಬೇರೆ ದಿನಗಳಲ್ಲಿ ನಾನು ಅವರಿಗೆ ಅತ್ತಿಗೆ.

"ವೈನೀ, ಒಂದ್ ವಾಟಿ ಚಾ ಕೊಡ್ರಿ."

"ವಾಟಿ ಅಂದ್ರ ಬಟ್ಟಲಲೇ," ಎಂದು ಹಾಲ್‌ನಿಂದ ನನ್ನ ಗಂಡ ಕೂಗಿದರು. "ಬಟ್ಟಲದಾಗ ಚಾ ಕುಡೀತಿಯೇನ?"

"ಕುಡೀತೀನ್ರಿ ಅಣ್ಣಾರ. ಸೋತಾವ ಯಾವುದ್ರಾಗ ಕೊಟ್ರೂ ಕುಡೀಬೇಕ್ರಿ."

ನಾನು ಬಟ್ಟಲಿನಲ್ಲೇ ಕೊಟ್ಟೆ. ಅವರು ಕಿಟಕಿಯ ಹತ್ತಿರ ನಿಂತು ಕುಡಿದರು. ಹಿತ್ತಲಿನ ಬೇಲಿಯ ಮೇಲೆ ಪಕ್ಕದ ಮನೆಯ ಬೆಕ್ಕು ಬಂದು ಕುಳಿತಿತು.

"ಅಲ್ನೋಡ್ರಿ, ಬೆಕ್ಕು ಬಂದಾರ್ರಿ."

"ಬಂದೈತಿ! ಬೆಕ್ಕಿಗೆ ಯಾಕ ರೀ ಹಚ್ಚತಿ?"

"ನಿಮ್ ಕಡೆ ಎಲ್ಲಾರಿಗೂ ಹಚ್ಚತಾರಂತ ತಿಳ್ಕೊಂಡಿದ್ನಿರಿ. ದೊಡ್ಡ ಮನಸ್ಸಿನ ಮಂದಿ ಅಂತ್ರಿ."

ನನ್ನ ಗಂಡ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮ ಮಗಳು ಮೆಟ್ಟಿಲ ಮೇಲಿಂದ ಇಣುಕಿ, "ಆರ್ ದೇ ಓಕೆ?" ಎಂದು ಕೇಳಿದಳು.

ಸೋತಾಗ ಇವರ ಗತಿ ಇನ್ನೂ ಕಷ್ಟದ್ದು. ಆ ದಿನ ಚಹಾ ಇಲ್ಲ, ಕಾಫಿ ಕುಡಿಯಬೇಕು. "ಸಖತ್ತಾಗಿದೆ ಗುರು ನಿಮ್ ಟೀಮು" ಎಂಬುದನ್ನು ಸರ್ಕಾರಿ ಸುತ್ತೋಲೆ ಓದುವ ದನಿಯಲ್ಲಿ ಹೇಳುತ್ತಿದ್ದರು. ಗೆಳೆಯ ಸೋಫಾ ಬಡಿದು, "ಗುರು ಅನ್ನೋವಾಗ ಸ್ವಲ್ಪ ಪ್ರೀತಿ ಇರ್ಲಿ ಸಾರ್, ಮೇಷ್ಟ್ರು ಹಾಜ್ರಿ ಕರ್ದಂಗಿದೆ," ಎನ್ನುತ್ತಿದ್ದರು.

ಗೆಳೆಯನ ಮಾತಿಗೆ ಇನ್ನೊಂದು ಗುರುತಿತ್ತು. ಅವರ ಮನೆಯ ಮೇಲೆ ವಿಮಾನಗಳು ತೀರ ಕೆಳಗೆ ಹಾರುತ್ತವೆ. ಫೆಲ್ಥಮ್‌ನವರು ಮಾತಿನ ನಡುವೆ ನಿಂತು, ಸದ್ದು ದಾಟಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾರೆ. ಗೆಳೆಯನಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಹ್ಯಾರೋದಲ್ಲಿ ಕುಳಿತಾಗಲೂ ಕೆಲವೊಮ್ಮೆ ಸುಮ್ಮನೆ ನಿಲ್ಲುತ್ತಿದ್ದರು. ಇವರು ಮೇಲೆ ಕೈ ತೋರಿಸಿ, "ಹೋತು, ಮಾತಾಡು," ಎನ್ನುತ್ತಿದ್ದರು.

ಆಗಸ್ಟ್ 5, ಶನಿವಾರ ಮಧ್ಯಾಹ್ನ ಫೋನ್ ಬಂತು. ನನ್ನ ಗಂಡ ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಬೆಳಿಗ್ಗೆ ಸುದ್ದಿ ಓದಿದ್ದರು. ಟಿವಿ ಕಂಪನಿಗಳು ಕೊಡುವ ಹಣ ದೊಡ್ಡ ಒಕ್ಕೂಟಗಳಲ್ಲಿ ಹೆಚ್ಚು. ಕರೆ ಬಂದವರು ಹೋಗುತ್ತಾರೆ, ಕರೆ ಬಾರದವರು ಉಳಿಯುತ್ತಾರೆ. ಇವರ ವಿಶ್ವವಿದ್ಯಾಲಯಕ್ಕೆ ಕರೆ ಬಂದಿರಲಿಲ್ಲ. ಒಳಗಿದ್ದ ಅವರ ಫೋನನ್ನು ನಾನೇ ಎತ್ತಿದೆ.

"ವೈನೀ, ಆರಾಮ ಅದೀರೇನ್ರಿ? ಅಣ್ಣಾರು ಅದಾರೇನ್ರಿ?"

ಅದು ಆಗಸ್ಟ್. ಪಂದ್ಯವಿರಲಿಲ್ಲ, ಯಾರೂ ಸೋತಿರಲಿಲ್ಲ. ಹಿತ್ತಲಿಗೆ ಹೋಗಿ, ಇವರ ಕೈಯಲ್ಲಿ ಮಣ್ಣಿದ್ದುದರಿಂದ ಸ್ಪೀಕರ್ ಹಾಕಿ ಹಿಡಿದೆ.

"ಅಣ್ಣಾರ, ಸುದ್ದಿ ಓದಿದ್ನಿರಿ. ನಾವು ನಿಮ್ಮನ್ನ ಬಿಟ್ಟು ಹೊಂಟೀವ್ರಿ. ನಿಮ್ ಕಡೆ ಮಂದಿ ಇನ್ನ ಏನ್ ಮಾಡ್ತಾರೋ ಏನೋ ಅಂತ್ರಿ..."

ಮಾತು ಅಲ್ಲಿಗೆ ನಿಂತಿತು. ಫೋನಿನಿಂದ ಗೊರಗೊರ ಎಂಬ ಸದ್ದು ಮಾತ್ರ ಬರುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ನಗುವವರ ಉಸಿರಿನಂತೆಯೂ ಅದು ಕೇಳಬಹುದಿತ್ತು.

"ನಗಾಕತ್ತಿಯೇನ?" ಎಂದು ನನ್ನ ಗಂಡ ಕೇಳಿದರು.

ಉತ್ತರ ಬರಲಿಲ್ಲ. ಸದ್ದು ಮುಂದುವರಿಯಿತು.

"ಆತು ಬಿಡು. ಮಣ್ಣಾಗ ಕೆಲ್ಸಾ ಮಾಡೂ ಮಂದಿ ನಾವು. ಆಡ್ಕೊಳ್ಳಾಕ ಛಲೋ ಸಿಕ್ಕೀವಿ ನಿಮಗ."

ಮಣ್ಣಿನ ಬೆರಳಿನಿಂದಲೇ ಫೋನ್ ಕಡಿದರು. ಗಾಜಿನ ಮೇಲೆ ಬೆರಳಿನ ಗುರುತು ಉಳಿಯಿತು. ಮತ್ತೆ ಎರಡು ಸಲ ರಿಂಗಾಯಿತು. ಅವರು ಕೋಲು ಕಟ್ಟುವುದನ್ನು ಮುಂದುವರಿಸಿದರು.

ಅಕ್ಟೋಬರಿನಲ್ಲಿ ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ, ತರಕಾರಿ ಅಂಗಡಿಯ ಹೀರೇಕಾಯಿ ಬುಟ್ಟಿಯ ಎದುರು ಗೆಳೆಯ ಸಿಕ್ಕರು. ಒಬ್ಬರೇ ಇದ್ದರು. ತೆಳ್ಳಗಾಗಿದ್ದರು.

"ಅತ್ತಿಗೆ, ಅಣ್ಣ ಇನ್ನೂ ಕೋಪದಲ್ಲಿದ್ದಾರಾ?"

"ನೀವು ನಕ್ಕಿರಿ ಅಂತ ಅವರು ತಿಳ್ಕೊಂಡಾರ."

"ನಗೋದಾ? ಪ್ಲೇನ್ ಹೋಗ್ತಿತ್ತು ಅತ್ತಿಗೆ! ನಾನು ಹೊರಗಡೆ ಗಾರ್ಡನ್‌ನಲ್ಲಿದ್ದೆ. ಮೇಲ್ಗಡೆ ಪ್ಲೇನು, ಏನೂ ಕೇಳಿಸ್ತಿರಲಿಲ್ಲ. ದಾಟಿದ್ಮೇಲೆ ನೋಡಿದ್ರೆ ಲೈನೇ ಇಲ್ಲ."

"ಆದ್ರ ಅವತ್ತ ಧಾರವಾಡ ಮಾತು ಯಾಕ? ಮ್ಯಾಚ್ ಇರಲಿಲ್ಲಲ್ಲ."

ಅವರು ಒಂದು ಹೀರೇಕಾಯಿ ಎತ್ತಿ, ಮುರಿದಿದೆಯೇ ನೋಡಿ, ವಾಪಸ್ ಇಟ್ಟರು.

"ಸೋತೋರು ಮಾತಾಡ್ಬೇಕಲ್ವಾ? ಅದಕ್ಕೇ. ನೀವು ಸೋತಿಲ್ಲ, ಸೋತಿದ್ದು ನಾವು ಅಂತ ಹೇಳೋಣ ಅಂತ. ಇಷ್ಟು ವರ್ಷ ಜೊತೇಲಿದ್ದೋರನ್ನ ಬಿಟ್ಟು ಹೋಗೋದು ಗೆಲುವಾ? ನಮ್ ಹುಡುಗ್ರು ಇನ್ಮೇಲೆ ದೇಶದ ಆ ತುದಿಗೆ ಹೋಗಿ ಆಡ್ಬೇಕು ಅತ್ತಿಗೆ. ಆ ಊರಿನೋರು ನಂಗೆ ಒಬ್ರೂ ಗೊತ್ತಿಲ್ಲ. ಯಾರನ್ನ ಬೈಯ್ಯೋದು? ಯಾರ ಹತ್ರ ಬೈಸ್ಕೊಳ್ಳೋದು?"

ಅಂಗಡಿಯವನು ತೂಕದ ಯಂತ್ರದ ಹತ್ತಿರ ನಮಗಾಗಿ ಕಾಯುತ್ತಿದ್ದ.

"ನಾನಿದನ್ನ ಅವರಿಗೆ ಹೇಳ್ತೀನಿ," ಎಂದೆ.

"ಹೇಳಿ. ಪಾಪ, ಅವರಿಗೆ ಬೇಜಾರು ಮಾಡೋದು ನನ್ನ ಉದ್ದೇಶ ಅಲ್ಲ. ಅವರ ಟೀಮ್ ಗತಿ ನೆನೆಸ್ಕೊಂಡ್ರೆ ಅಯ್ಯೋ ಅನ್ಸತ್ತೆ ಅಂತ ಹೇಳಿ."

ಅಂದು ಸಂಜೆ ಊಟದ ಮೇಜಿನಲ್ಲಿ, ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಹೇಳಿದೆ. ವಿಮಾನದ ವಿಷಯ, ಸೋತವರ ಮಾತಿನ ವಿಷಯ, ಕೊನೆಗೆ ಪಾಪ, ಅಯ್ಯೋ ಎಂದ ವಿಷಯ. ಸುದ್ದಿ ಹೇಳುವವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಾರದು ಎಂಬುದು ನನ್ನ ಕೆಲಸದ ಅಭ್ಯಾಸ.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನಗಲಿಲ್ಲೇನ ಅಂವಾ?"

"ಇಲ್ಲ. ವಿಮಾನ ಹೊಂಟಿತ್ತಂತ."

"ನಕ್ಕಿದ್ರ ಪಾಡಿತ್ತು," ಎಂದರು. "ನಕ್ಕಿದ್ರ ಬೈದು ಒಂದಾಗ್ತಿದ್ವಿ. ಅಂವಾ ಪಾಪ ಅಂದಾನ. ಪಾಪ ಅನ್ನಿಸ್ಕೊಂಡು ಮತ್ತ ಅವನ ಮುಂದ ಹೆಂಗ ಕುಂಡ್ರಲಿ?"

ಪಲ್ಯ ತಣ್ಣಗಾಗಿತ್ತು, ಬಿಸಿ ಮಾಡಲು ಎದ್ದೆ.

ಅಷ್ಟರೊಳಗೆ ಉಳಿದಿದ್ದ ನಾಲ್ಕರಲ್ಲಿ ಮತ್ತೆ ಎರಡು ಹೊರಟಿದ್ದವು. ಇವರದು ಉಳಿದ ಎರಡರಲ್ಲಿ ಒಂದಾಯಿತು. ಇಬ್ಬರೇ ಸದಸ್ಯರ ಒಕ್ಕೂಟ. ಬೀಗರೆಲ್ಲ ಎದ್ದು ಹೋದ ಮನೆಯಲ್ಲಿ ಪಾತ್ರೆ ಎತ್ತಿಡಲು ಇಬ್ಬರು ಉಳಿದಂತಿತ್ತು.

2023ರ ನವೆಂಬರಿನಲ್ಲಿ ಒಂದೇ ಒಕ್ಕೂಟದವರಾಗಿ ಎರಡು ತಂಡಗಳೂ ಕೊನೆಯ ಸಲ ಆಡಿದವು. ಗೆಳೆಯನ ತಂಡ ಗೆದ್ದಿತು. ಭಾನುವಾರ ಬೆಳಿಗ್ಗೆ ನಾನು ರೂಢಿಯಂತೆ ಉಪ್ಪಿಟ್ಟು ಮಾಡಿದೆ. ಇವರು ಒಬ್ಬರೇ ಪಂದ್ಯ ನೋಡಿದರು. ಷರತ್ತಿನ ಪ್ರಕಾರ ಅಂದು ಧಾರವಾಡದ ಮಾತು ಆಡುವ ಹಾಗಿಲ್ಲ. ಬೆಂಗಳೂರಿನದು ಬಾಯಿಗೆ ಬರಲಿಲ್ಲ. ಆ ದಿನ ಪೂರ್ತಿ ಅವರು ಮಾತಾಡಲಿಲ್ಲ. ಚಹಾ ಕೊಟ್ಟೆ, ಕುಡಿಯಲಿಲ್ಲ. ಕಾಫಿ ಬೇಕೇ ಎಂದು ಕೇಳಿದೆ. ತಲೆಯಾಡಿಸಿ ಬೇಡವೆಂದರು. ಬಟ್ಟಲು ಕಪಾಟಿನಲ್ಲೇ ಇತ್ತು.

2024ರಲ್ಲಿ ಪಂದ್ಯ ಸೆಪ್ಟೆಂಬರಿಗೆ ಜಾರಿತು. ಬೇರೆ ಬೇರೆ ಒಕ್ಕೂಟದವರಾದ್ದರಿಂದ ನವೆಂಬರಿನಲ್ಲಿ ಇಬ್ಬರಿಗೂ ಬಿಡುವಿರಲಿಲ್ಲ. ಮತ್ತೆ ಗೆಳೆಯನ ತಂಡವೇ ಗೆದ್ದಿತು. ಆ ಭಾನುವಾರ ಇವರು ಬೆಳಿಗ್ಗೆಯೇ ಮೆಟ್ರೋಪಾಲಿಟನ್ ಲೈನ್ ರೈಲು ಹಿಡಿದು ಎಲ್ಲಿಗೋ ಹೋಗಿ, ಸಂಜೆ ಬಂದರು. ಎಲ್ಲಿಗೆಂದು ಹೇಳಲಿಲ್ಲ. ಮುಂದಿನ ಯುಗಾದಿ ಊಟಕ್ಕೆ ನಾವು ಹೋದೆವು. ಗೆಳೆಯ ಬಂದಿರಲಿಲ್ಲ. ಹಿಂದೆ ಸಾಹಿತ್ಯ ಸಮ್ಮೇಳನವೇ ಎಂದು ಕೇಳಿದ್ದ ಹಿರಿಯರು, "ಎಲ್ಲಿ ನಿಮ್ಮ ಬೀಗರು?" ಎಂದು ಕೇಳಿದರು. ಇವರು ನೀರು ತರುತ್ತೇನೆಂದು ಎದ್ದು ಹೋದರು.

2025ರ ಬೇಸಿಗೆಯಲ್ಲಿ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡುವುದು ಅಧಿಕೃತವಾಯಿತು. ಅದನ್ನೂ ನಾನು ಒಂದು ಪ್ಯಾರಾಕ್ಕೆ ಇಳಿಸಿದೆ. ಸೆಪ್ಟೆಂಬರಿನಲ್ಲಿ ಪಂದ್ಯ ನಡೆಯಿತು. ಶನಿವಾರವೇ ಫಲಿತಾಂಶ ನನಗೆ ಗೊತ್ತಾಯಿತು. ಗೆಳೆಯನ ತಂಡ ಗೆದ್ದಿತ್ತು, ದೊಡ್ಡ ಅಂತರದಿಂದ. ಭಾನುವಾರ ಮಗಳು ಮನೆಗೆ ಬಂದಿದ್ದಳು. ಇವರು ಟಿವಿಯ ಎದುರು ಕಿತ್ತಳೆ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ನೋಡಿದರು. ಆಮೇಲೆ ಟಿವಿ ಆರಿಸಿ ಅಡುಗೆಮನೆಗೆ ಬಂದರು.

"ಕಾಫಿ ಇದ್ಯಾ?"

ನಾನು ತಿರುಗಿ ನೋಡಿದೆ.

"ಸ್ವಲ್ಪ ಸ್ಟ್ರಾಂಗಾಗಿ ಕೊಡು. ಸಕ್ಕರೆ ಕಮ್ಮಿ ಇರ್ಲಿ."

ಮಗಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. "ಡ್ಯಾಡ್, ವೈ ಆರ್ ಯು ಟಾಕಿಂಗ್ ಲೈಕ್ ಅಂಕಲ್?"

"ಸೋತಿದೀವಲ್ಲಮ್ಮ," ಎಂದರು. ಈ ಸಲ ಸುತ್ತೋಲೆ ಓದುವ ದನಿ ಇರಲಿಲ್ಲ. "ಸೋತ್ರೆ ಹೀಗೇ ಮಾತಾಡ್ಬೇಕು."

ದಿನವಿಡೀ ಹಾಗೆಯೇ ಮಾತಾಡಿದರು. ಪೋಸ್ಟ್ ಬಾಕ್ಸಿನವರೆಗೆ ನನ್ನ ಜೊತೆ ನಡೆದು ಬರುವಾಗ, "ಇವತ್ತು ಬಿಸ್ಲು ಚೆನ್ನಾಗಿದೆ ಅಲ್ವಾ," ಎಂದರು. ಬೇಲಿಯ ಮೇಲಿನ ಬೆಕ್ಕನ್ನು ನೋಡಿ, "ಬಂದ್ರು ನೋಡು," ಎಂದರು.

ಸಂಜೆ ಫೋನ್ ಕೈಗೆ ತೆಗೆದುಕೊಂಡರು. ಗೆಳೆಯನ ಹೆಸರು ಪರದೆಯ ಮೇಲೆ ಬಂತು. ಒತ್ತಲಿಲ್ಲ. ಮೇಜಿನ ಮೇಲಿಟ್ಟರು.

"ಫೋನಲ್ಲಿ ಬೇಡ," ಎಂದರು. "ಫೋನಲ್ಲೇ ಕೆಟ್ಟಿದ್ದು."

"ಹಂಗಾರ ನಾಳೆ ಫೆಲ್ಥಮ್‌ಗೆ ಹೋಗಿ ಬರೂಣಲ್ಲ," ಎಂದೆ.

"ನಾಳೆ ಏನಂತ ಹೋಗ್ಲಿ?" ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. "ಮುಂದಿನ ವರ್ಷ ಮ್ಯಾಚ್ ದಿನ ನಾನೇ ಅವ್ರ ಮನೆಗೆ ಹೋಗ್ತೀನಿ. ಗೆದ್ರೂ ಸರಿ, ಸೋತ್ರೂ ಸರಿ. ಜೊತೇಲಿ ಕೂತು ನೋಡ್ತೀವಿ. ಗೆದ್ರೆ ಅವ್ನು ವಾಟೀಲಿ ಚಾ ಕುಡೀತಾನೆ. ಸೋತ್ರೆ ಅವ್ನಿಗೆ ನನ್ನ ಕನ್ನಡ ಕೇಳಿಸ್ತೀನಿ. ಇವತ್ತು ಸುಮಾರಾಗಿ ಬಂತು ಅಲ್ವಾ?"

"ಛಲೋ ಬಂತು," ಎಂದೆ.

"ಚೆನ್ನಾಗಿ ಬಂತು," ಎಂದು ತಿದ್ದಿದರು.

ಮರುದಿನ ಕ್ಯಾಲೆಂಡರ್ ಪಕ್ಕದಲ್ಲಿ ಕೊಕ್ಕೆಗೆ ಕಿತ್ತಳೆ ಟೋಪಿ ನೇತುಹಾಕಿದರು. ಚಳಿಗಾಲದಲ್ಲೂ ಅದನ್ನು ತೆಗೆದು ಹಾಕಿಕೊಳ್ಳಲಿಲ್ಲ. ಅಂಗಡಿಗೆ ಹೋಗುವಾಗ ಬೇರೆ ಟೋಪಿ ಹಾಕಿಕೊಂಡರು. ಒಮ್ಮೆ ಬೆಳಿಗ್ಗೆ ಹಲ್ಲುಜ್ಜಿ ಬಂದು, "ಅವರ ಮನೀಗೆ ಹೋಗೂವಾಗ ಉಪ್ಪಿಟ್ಟು ಡಬ್ಬಿಯೊಳಗ ಹಾಕಿ ಕೊಡ್ತಿಯೇನ?" ಎಂದು ಕೇಳಿದರು. ಕೊಡುತ್ತೇನೆ ಎಂದೆ.

ಇವರ ವಿಶ್ವವಿದ್ಯಾಲಯದ ಒಕ್ಕೂಟ ಹಳೆಯ ಹೆಸರನ್ನೇ ಇಟ್ಟುಕೊಂಡು, ಹೊಸ ಸದಸ್ಯರನ್ನು ಸೇರಿಸಿಕೊಂಡು 2026ರಲ್ಲಿ ಮತ್ತೆ ಆಡಲಿದೆ. ಗೆಳೆಯನ ವಿಶ್ವವಿದ್ಯಾಲಯ ದೊಡ್ಡ ಒಕ್ಕೂಟದಲ್ಲೇ ಇದೆ. ಎರಡೂ ತಂಡಗಳ 2026ರ ವೇಳಾಪಟ್ಟಿ ಪ್ರಕಟವಾಗಿದೆ. ಅವೆರಡರ ನಡುವಿನ ಪಂದ್ಯ ಅದರಲ್ಲಿಲ್ಲ.